ನಾಲ್ಕರ ಸಾಲು

ಮಾರ್ಚ್ 19, ಬುಧವಾರ

ಬೆಳಿಗ್ಗೆ ಅಂಗಡಿಗೆ ರಿಪೇರಿಗೆ ಬಂದದ್ದು ಒಂದು ಮೈಕ್, ಮಸೀದಿಯ ಒಂದು ಆಂಪ್ಲಿಫೈಯರ್. ಮೈಕಿನವನು ಬಾಗಿಲಲ್ಲೇ ನಿಂತು ಹುಸೇನ್ ಸಾಹೇಬರು ಇಲ್ಲವೇ ಎಂದ. ಅಬ್ಬಾಗೆ ಕಣ್ಣಿನ ಆಪರೇಷನ್ ಆಗಿದೆ, ಮನೆಯಲ್ಲಿದ್ದಾರೆ, ಕೆಲಸ ನಾನೇ ಮಾಡುತ್ತೇನೆ ಎಂದೆ. ಆಮೇಲೆ ಬರುತ್ತೇನೆ ಎಂದು ಹೋದ. ಹೋಗಲಿ. ಡಿಪ್ಲೊಮಾ ನನ್ನದು, ಹನ್ನೊಂದು ವರ್ಷ ಅಬ್ಬಾನ ಜೊತೆ ಸೋಲ್ಡರ್ ಹೊಗೆ ಕುಡಿದವಳು ನಾನು. ಆದರೂ ನಮ್ಮ ಅಂಗಡಿ ಇರುವ ಸೇಡಂ ರಸ್ತೆಯವರಿಗೆ ಮಿಸ್ತ್ರಿ ಎಂದರೆ ಗಡ್ಡ ಇರಬೇಕು.

ಮಧ್ಯಾಹ್ನ ಕಮಲಾಪುರದ ಕುನಾಲ ಬಂದ. ಮಿನಿ ಲಾರಿ ಮೇಲೆ ಡಿಜೆ ಕಟ್ಟುವ ಹುಡುಗ. ಗೋಣಿಚೀಲದಲ್ಲಿ ದೊಡ್ಡ ಆಂಪ್ಲಿ, ಕೈಯಲ್ಲಿ ಅವರೂರಿನ ಕೆಂಪು ಬಾಳೆಹಣ್ಣು. ರೋಜಾ ಇದ್ದೇನೆ ಎಂದರೆ ಇಫ್ತಾರಿಗೆ ಇರಲಿ ಎಂದ. ಹೋದ ವರ್ಷ ಭೀಮ ಜಯಂತಿಯ ಮೆರವಣಿಗೆಯಲ್ಲಿ, ಬಸ್ ಸ್ಟ್ಯಾಂಡ್ ಎದುರಿಗೇ ಈ ಆಂಪ್ಲಿ ಸುಟ್ಟಿತು. ಉಳಿದ ದಾರಿಯೆಲ್ಲ ಜನ ಬರೀ ಘೋಷಣೆ ಕೂಗುತ್ತ ನಡೆದರಂತೆ. ಹನ್ನೊಂದು ತಿಂಗಳು ನಾಚಿಕೆಯಿಂದ ಇದನ್ನು ಮಂಚದ ಕೆಳಗೆ ಇಟ್ಟಿದ್ದನಂತೆ.

"ಆಪಾ, ಈ ಸಲಾನೂ ನಡು ದಾರ್ಯಾಗ ನಿಂತ್ರ ಮುಂದ ಹೊರಗಿನ ಡಿಜೆ ತರ್ತಾರ್ರಿ. ನಮ್ಮೂರ ಜಯಂತಿಗೆ ನಮ್ಮ ಡಿಜೆ ಇರಂಗಿಲ್ಲ."

ರಿಪೇರಿ ಮಾಡಿ, ಜೊತೆಗೆ ಪವರ್ ಎರಡು ಪಟ್ಟು ಮಾಡಿಕೊಡಬೇಕಂತೆ. ಎರಡೂ ಚಾನೆಲ್ ಕೂಡಿಸಿ ಒಂದೇ ಮಾಡಿ ಅಂದ. ಎಲ್ಲಿಯೋ ವಿಡಿಯೋ ನೋಡಿಕೊಂಡು ಬಂದಿದ್ದಾನೆ. ಮೊದಲು ಬಿಚ್ಚಿ ನೋಡುತ್ತೇನೆ ಎಂದು ಕಳಿಸಿದೆ.

ಮಾರ್ಚ್ 20

ಬಿಚ್ಚಿದೆ. ಟ್ರಾನ್ಸಿಸ್ಟರ್ ಎಲ್ಲ ಹೋಗಿವೆ. ಫ್ಯೂಸ್ ಮಾತ್ರ ಗಟ್ಟಿಮುಟ್ಟಾಗಿದೆ. ಯಾಕೆಂದರೆ ಅದು ಫ್ಯೂಸೇ ಅಲ್ಲ. ಮಂದ ತಾಮ್ರದ ತಂತಿ, ಮೂರು ಸುತ್ತು, ತುದಿ ಎಡಕ್ಕೆ ಮಡಚಿದ್ದು.

ಈ ಸುತ್ತು ನನಗೆ ಗೊತ್ತು... ಇವತ್ತು ಇಷ್ಟೇ ಸಾಕು.

ಮಾರ್ಚ್ 23, ಭಾನುವಾರ

ಮೂರು ದಿನ ತಂತಿಯನ್ನು ಪರ್ಸಿನಲ್ಲಿಟ್ಟುಕೊಂಡು ತಿರುಗಿದೆ. ಇವತ್ತು ಇಫ್ತಾರ್ ಆದಮೇಲೆ ಅಬ್ಬಾನ ಅಂಗೈಯಲ್ಲಿ ಇಟ್ಟೆ. ಕಪ್ಪು ಕನ್ನಡಕ ತೆಗೆದು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಹೋದ ವರ್ಷ ಮೆರವಣಿಗೆಯ ಬೆಳಿಗ್ಗೆ ಟ್ರಯಲ್‌ನಲ್ಲಿ ಎರಡು ಸಲ ಫ್ಯೂಸ್ ಹೋಯಿತಂತೆ, ಕುನಾಲ ಅಳುವುದೊಂದೇ ಬಾಕಿಯಂತೆ, ಅದಕ್ಕೆ ಹಾಕಿದೆ ಎಂದರು. ನನಗೆ ಸಿಟ್ಟು ಬಂತು. ಫ್ಯೂಸ್ ಇರುವುದೇ ತಾನು ಹೋಗಿ ಆಂಪ್ಲಿ ಉಳಿಸಲು, ನೀವು ಅದರ ಬಾಯಿ ಕಟ್ಟಿದಿರಿ ಎಂದುಬಿಟ್ಟೆ. ಮನೆಯಲ್ಲಿ ನಮ್ಮದು ದಖ್ಖನಿ ಉರ್ದು, ಆದರೆ ಸಿಟ್ಟು ಬರೆಯಲು ನನಗೆ ಕನ್ನಡವೇ ಬರುವುದು.

ಅವರು ತಂತಿಯನ್ನು ಜೇಬಿಗೆ ಹಾಕಿಕೊಂಡರು. ಅಮ್ಮಿ ನನ್ನನ್ನು ಕಣ್ಣಲ್ಲೇ ಗದರಿಸಿದರು.

ಮಾರ್ಚ್ 24

ಹನ್ನೊಂದು ಗಂಟೆಗೆ ಅಂಗಡಿ ಮುಂದೆ ಆಟೋ ನಿಂತಿತು. ಅಬ್ಬಾ. ಡಾಕ್ಟರ್ ಬಿಸಿಲಿಗೆ ಬರಬೇಡಿ ಎಂದಿದ್ದಾರೆ. ಕಾಗದದ ಪೊಟ್ಟಣ ಮೇಜಿನ ಮೇಲಿಟ್ಟರು. ಒಳಗೆ ಹತ್ತು ಸರಿಯಾದ ಗಾಜಿನ ಫ್ಯೂಸ್. ಕೂರಲಿಲ್ಲ, ಅದೇ ಆಟೋದಲ್ಲಿ ವಾಪಸು ಹೋದರು. ಮೂವತ್ತೈದು ವರ್ಷದ ಮಿಸ್ತ್ರಿ. ಇಂಥವರ ಮಗಳು ನಾನು ಎಂದು ನನಗೆ ಇವತ್ತು ಹೆಮ್ಮೆ ಆಯಿತು. ನಿನ್ನೆ ಅಷ್ಟು ಜೋರು ಮಾಡಬಾರದಿತ್ತು.

ಇನ್ನು ಒಂದು ಪ್ರಶ್ನೆ ಉಳಿದಿದೆ. ಫ್ಯೂಸ್ ಎರಡು ಸಲ ಹೋದದ್ದಾದರೂ ಯಾಕೆ?

ಏಪ್ರಿಲ್ 3, ಗುರುವಾರ

ಈದ್ ಮುಗಿಯಿತು. ಬೆಳಗಿನ ಬಸ್ಸಿಗೆ ಕಮಲಾಪುರಕ್ಕೆ ಹೋದೆ. ಕುನಾಲನ ಲಾರಿ, ಸ್ಪೀಕರ್ ಬಾಕ್ಸ್, ವೈರ್ ಎಲ್ಲ ನೋಡಿದೆ. ಅವನದು ನಾಲ್ಕು ಬೇಸ್ ಬಾಕ್ಸ್, ತೆಳು ದನಿಗೆ ಎರಡು ಟಾಪ್. ಇಷ್ಟಕ್ಕೆ ಆ ಆಂಪ್ಲಿ ಸುಡಬಾರದು. ಕೆದಕಿ ಕೇಳಿದಾಗ ಬಾಯಿ ಬಿಟ್ಟ. ಇಲ್ಲಿ ಜಯಂತಿಯ ದಿನ ಮನೆಮನೆಯವರು ತಮ್ಮ ಟಿವಿಯದೋ ಟೇಪಿನದೋ ಬಾಕ್ಸ್ ತಂದು ಲಾರಿಗೆ ಕಟ್ಟಿಸುತ್ತಾರೆ. ಬಾಬಾಸಾಹೇಬರ ಮೆರವಣಿಗೆಯಲ್ಲಿ ನಮ್ಮ ಮನೆಯ ದನಿಯೂ ಇರಲಿ ಎಂದು. ಅವನ ಅಜ್ಜನ ಕಾಲದಿಂದ ನಡೆದದ್ದು.

"ತಂದವ್ರಿಗಿ ಬ್ಯಾಡ ಅನ್ನಾಕ ಬರಂಗಿಲ್ರಿ ಆಪಾ. ಮನಿತನದ ಮರ್ಯಾದಿ ಅದು."

ಹೋದ ವರ್ಷ ಹಾಗೆ ಬಂದದ್ದು ಏಳು. ಏಳನ್ನೂ ಇದ್ದ ವೈರಿಗೇ ಪಕ್ಕಪಕ್ಕ ಸಿಕ್ಕಿಸಿದ್ದಾನೆ. ಹಾಗೆ ಸೇರಿದ ಒಂದೊಂದು ಬಾಕ್ಸೂ ಆಂಪ್ಲಿಯಿಂದ ಇನ್ನಷ್ಟು ಕರೆಂಟ್ ಎಳೆಯುತ್ತದೆ. ಒಂದೇ ಟ್ಯಾಂಕಿಗೆ ನಲ್ಲಿ ಹಚ್ಚುತ್ತ ಹೋದಂತೆ. ಟ್ಯಾಂಕ್ ಖಾಲಿಯಾದರೆ ಬರೀ ನೀರು ನಿಲ್ಲುತ್ತದೆ, ಆಂಪ್ಲಿಯಾದರೆ ಸುಡುತ್ತದೆ. ಪವರ್ ಎರಡು ಪಟ್ಟು ಮಾಡಿದ್ದರೆ ಇನ್ನೂ ಬೇಗ ಸುಡುತ್ತಿತ್ತು.

ಬಸ್ಸಿನಲ್ಲಿ ವಾಪಸು ಬರುವಾಗ ನಗು ಬಂತು. ಊರವರ ಪ್ರೀತಿ ಹೆಚ್ಚಾಗಿ ಆಂಪ್ಲಿ ಸತ್ತಿದೆ.

ಏಪ್ರಿಲ್ 6

ಬಾಕ್ಸ್ ಬೇಡ ಅನ್ನುವಂತಿಲ್ಲ. ಹಾಗಾದರೆ ಕೂಡಿಸುವ ರೀತಿ ಬದಲಾಗಬೇಕು.

ಎರಡು ಬಾಕ್ಸ್ ಒಂದರ ಹಿಂದೆ ಒಂದು. ಅಂಥ ಎರಡು ಜೋಡಿ ಪಕ್ಕಪಕ್ಕ. ಹೀಗೆ ನಾಲ್ಕು ಬಾಕ್ಸ್ ಹಾಕಿದರೂ ಆಂಪ್ಲಿಗೆ ಒಂದೇ ಬಾಕ್ಸ್ ಇದ್ದಷ್ಟೇ ಭಾರ. ಕಾಲೇಜಿನಲ್ಲಿ ಪರೀಕ್ಷೆಗೆಂದು ಉರು ಹೊಡೆದದ್ದು, ಇವತ್ತು ಉಪಯೋಗಕ್ಕೆ ಬಂತು.

ಪ್ಲೈವುಡ್ ಬೋರ್ಡ್ ಮಾಡಿದೆ. ನಾಲ್ಕು ಸಾಲು, ಸಾಲಿಗೆ ನಾಲ್ಕು ಸಾಕೆಟ್, ಒಂದು ಸ್ವಿಚ್. ಸಾಲು ತುಂಬದೆ ಸ್ವಿಚ್ ಹಾಕಬಾರದು. ಸುಟ್ಟ ಆಂಪ್ಲಿಗೆ ಹೊಸ ಟ್ರಾನ್ಸಿಸ್ಟರ್, ಅಬ್ಬಾ ತಂದ ಒಂದು ಫ್ಯೂಸ್ ಹಾಕಿದೆ. ಮನೆಗಳ ಬಾಕ್ಸ್‌ಗೆಲ್ಲ ಬೇರೆಯೇ ಆಂಪ್ಲಿ. ಹದಿನಾರರ ಮೇಲೆ ಒಂದೂ ಇಲ್ಲ.

ಅಬ್ಬಾ ಬೋರ್ಡನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದರು. ಒಂದು ಸ್ಕ್ರೂ ಸಡಿಲ ಇದೆ ಎಂದರು. ಇತ್ತು.

ಏಪ್ರಿಲ್ 10, ಗುರುವಾರ

ಕಮಲಾಪುರದಲ್ಲಿ ಟ್ರಯಲ್. ಲೈಟಿಗೆ ಬೇರೆ ಜನರೇಟರ್ ತರಿಸಿದೆ, ಬೇಸ್ ಹೊಡೆದಾಗ ಆಂಪ್ಲಿಗೆ ವೋಲ್ಟೇಜ್ ಬೀಳಬಾರದು. ಸಣ್ಣ ವೈರ್ ಕಿತ್ತು ದಪ್ಪನೆಯದು ಹಾಕಿದೆ. ಯಾರಿಗಾದರೂ ಕರೆಂಟ್ ತಗುಲಿದರೆ ತಾನೇ ಬೀಳುವ ಬ್ರೇಕರ್ ಹಾಕಿಸಿದೆ. ದಾರಿಯ ಕರೆಂಟ್ ವೈರಿಗೆ ತಾಗದಂತೆ ಬಾಕ್ಸ್‌ಗಳ ಎತ್ತರ ಇಳಿಸಿದೆ. ಚಾನೆಲ್ ಕೂಡಿಸಲಿಲ್ಲ.

ಕುನಾಲ ಬೇಸ್ ಬಾಕ್ಸ್‌ಗಳನ್ನು ಲಾರಿಯ ನಾಲ್ಕು ಮೂಲೆಗೆ ಇಡುತ್ತಿದ್ದ, ಚೆಂದ ಕಾಣಲೆಂದು. ನಾಲ್ಕನ್ನೂ ಕೆಳಗೆ, ಒಂದಕ್ಕೊಂದು ತಾಗಿಸಿ ಇಡಿಸಿದೆ. ಮುಖ ಸಣ್ಣ ಮಾಡಿದ. ನಲವತ್ತು ಹೆಜ್ಜೆ ದೂರ ಹೋಗಿ ನಿಲ್ಲು ಎಂದೆ. ಹಾಡು ಹಚ್ಚಿದೆ. ಅವನು ಅಲ್ಲಿಂದಲೇ ಎದೆ ಮೇಲೆ ಕೈ ಇಟ್ಟುಕೊಂಡ. ವಾಪಸು ಬಂದು, ಎಷ್ಟು ವಾಟ್ ಹೆಚ್ಚು ಮಾಡಿದಿರಿ ಎಂದ. ಹೆಚ್ಚಲ್ಲ, ಹೋದ ವರ್ಷಕ್ಕಿಂತ ಕಡಿಮೆಯೇ ಎಂದೆ. ನಂಬಲಿಲ್ಲ. ಮೀಟರ್ ತೋರಿಸಿದೆ.

ನನ್ನ ಕೆಲಸ ನನಗೇ ಇಷ್ಟವಾಯಿತು. ಬರೆದುಕೊಳ್ಳುವುದಕ್ಕೆ ನಾಚಿಕೆ ಯಾಕೆ?

ಏಪ್ರಿಲ್ 14, ಸೋಮವಾರ, ಮಧ್ಯಾಹ್ನ 3

ಕುನಾಲನ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಮೊದಲೇ ಹೆಸರು ಬರೆಸಿದವರು ಎಂಟು ಮನೆ. ಎಂಟು ಬಾಕ್ಸ್, ಎರಡು ಸಾಲು ಸರಿಯಾಗಿ ತುಂಬಿವೆ. ಮುಂದೆ ಕುಣಿಯುವ ಮಕ್ಕಳ ಕಿವಿಗೆ ಒಂದು ಚೀಲ ಹತ್ತಿ. ಆಂಪ್ಲಿಗೆ ಎರಡು ಫ್ಯಾನ್. ಬಿಸಿಲು ನಲವತ್ತೆರಡು.

ಏಪ್ರಿಲ್ 15

ಎಲ್ಲ ಬರೆಯಬೇಕು, ಮರೆಯುವ ಮೊದಲು.

ಲಾರಿ ಇನ್ನೇನು ಹೊರಡಬೇಕು, ಆಗ ಬಂಡೆಮ್ಮ ಬಂದಳು. ಅರವತ್ತು ದಾಟಿದ ಹೆಂಗಸು, ಕುನಾಲನ ಓಣಿಯವಳು. ತಲೆಯ ಮೇಲೆ ಸೀರೆಯಲ್ಲಿ ಸುತ್ತಿದ ಹಳೆಯ ಬಾಕ್ಸ್. ತೀರಿಕೊಂಡ ಗಂಡ ಭೀಮಶಾನದು. ಹೆಸರು ಬರೆಸುವುದು ಗೊತ್ತಿರಲಿಲ್ಲವಂತೆ. ಒಂಬತ್ತನೆಯ ಬಾಕ್ಸ್.

ಕುನಾಲ ನನ್ನ ಕಿವಿಯಲ್ಲಿ, ಒಂದೇ ಅಲ್ಲವೇ, ಎಲ್ಲಾದರೂ ಸಿಕ್ಕಿಸಿ ಎಂದ. ತುಂಬಿದ ಸಾಲಿಗೆ ಸಿಕ್ಕಿಸಿದರೆ ಹೋದ ವರ್ಷದ ಕಥೆಯೇ. ಖಾಲಿ ಸಾಲಿಗೆ ಅದೊಂದನ್ನೇ ಹಚ್ಚಿದರೆ ನಾಲ್ಕು ಬಾಕ್ಸ್ ಹಂಚಿಕೊಳ್ಳುವ ಪವರ್ ಎಲ್ಲ ಅದರ ಮೇಲೆ ಬಿದ್ದು, ಭೀಮಶಾನ ಬಾಕ್ಸ್ ಹೆಂಡತಿಯ ಕಣ್ಣೆದುರಿಗೇ ಸುಡುತ್ತದೆ. ಬೇಡ ಎಂದರೆ ಅವಳು ಸುಮ್ಮನೆ ವಾಪಸು ಹೊತ್ತುಕೊಂಡು ಹೋಗುತ್ತಾಳೆ, ಊರು ಮಾತ್ರ ಸುಮ್ಮನಿರುವುದಿಲ್ಲ. ಕುನಾಲನ ಕೈಯಿಂದ ಮೈಕ್ ತೆಗೆದುಕೊಂಡೆ.

"ಬಂಡೆಮ್ಮಾಯಿ ಬಾಕ್ಸ್ ಒಂದಽ ಹಚ್ಚಾಕ ಬರಂಗಿಲ್ರಿ, ಸುಡ್ತದ. ಅದರ ಜೋಡಿ ಇನ್ನಾ ಮೂರು ಬೇಕ್ರಿ. ಯಾರರ ತರ್ರಿ, ನಾ ನಿಂತಿರ್ತೀನಿ."

ಕಮಲಾಪುರ ನನ್ನ ದನಿ ಕೇಳಿದ್ದು ಅದೇ ಮೊದಲು. ಎಲ್ಲರೂ ಲಾರಿಯತ್ತ ತಿರುಗಿದರು. ಆಮೇಲೆ ಚಹಾ ಹೋಟೆಲಿನ ವಹಾಬ್ ಗೋಡೆಯ ಬಾಕ್ಸ್ ಕಿತ್ತುಕೊಂಡು ಬಂದ. ಸೈಕಲ್ ಅಂಗಡಿಯ ಮಜರ್ ಒಂದು ತಂದ. ಇನ್ನೊಂದು ಬರಲಿಲ್ಲ. ಹತ್ತು ನಿಮಿಷ ಆಯಿತು, ಹುಡುಗರು ಹೊರಡಿ ಎಂದು ಗಲಾಟೆ ಶುರು ಮಾಡಿದರು. ಬಂಡೆಮ್ಮ ಬಾಕ್ಸಿನ ಮೇಲೆ ಕೈ ಇಟ್ಟುಕೊಂಡು ನೆಲ ನೋಡುತ್ತ ನಿಂತಿದ್ದಳು.

ಆಗ ಜನ ದಾರಿ ಬಿಟ್ಟರು. ಚಂದಮ್ಮ. ಬಂಡೆಮ್ಮನ ಗಂಡನ ಅಣ್ಣನ ಹೆಂಡತಿ. ಮನೆ ಪಾಲಾಗಿ ನಡುವೆ ಗೋಡೆ ಎದ್ದಾಗಿನಿಂದ ಇಬ್ಬರಿಗೂ ಮಾತಿಲ್ಲ, ಒಂಬತ್ತು ವರ್ಷ ಎಂದು ಕುನಾಲ ಪಿಸುಗುಟ್ಟಿದ. ಕಂಕುಳಲ್ಲಿ ಟಿವಿಯ ಬಾಕ್ಸ್. ಎಲ್ಲಿ ಹಚ್ಚುತ್ತಿ ಎಂದು ಕೇಳಿದಳು. ಸುಳ್ಳು ಹೇಳಲು ಬರುವುದಿಲ್ಲ, ಉಳಿದಿದ್ದು ಅದೊಂದೇ ಸಾಕೆಟ್.

"ಬಂಡೆಮ್ಮಾಯಿ ಬಾಕ್ಸಿನ ಜೋಡೀನೇ ಬರ್ತದ್ರಿ. ಒಂದು ಬಂದ್ ಆದ್ರ ಎರಡೂ ಬಂದ್ ಆಗ್ತಾವ."

ಚಂದಮ್ಮ ಬಂಡೆಮ್ಮನ ಕಡೆ ನೋಡಲಿಲ್ಲ.

"ಹಚ್ಚು. ಬಂದ್ ಆಗಂಗಿಲ್ಲ."

ಮೀಟರ್ ಹಿಡಿದು ನೋಡಿ ಹಚ್ಚಿದೆ. ಮೂರನೆಯ ಸಾಲಿನ ಸ್ವಿಚ್ ಹಾಕಿದೆ. ಹನ್ನೆರಡೂ ಹಾಡಿದವು. ಇಬ್ಬರು ಮುದುಕಿಯರೂ ಲಾರಿಯ ಒಂದೇ ಬದಿಗೆ ನಡೆದರು, ನಡುವೆ ನಾಲ್ಕು ಮಾರು ಬಿಟ್ಟು. ನಾನು ಲಾರಿ ಮೇಲಿಂದ ನೋಡುತ್ತಲೇ ಇದ್ದೆ. ಬಸ್ ಸ್ಟ್ಯಾಂಡ್ ತಲುಪುವ ಹೊತ್ತಿಗೆ ಎರಡು ಮಾರು.

ಬಸ್ ಸ್ಟ್ಯಾಂಡ್ ಎದುರು ಹುಡುಗರು ಇನ್ನೂ ಜೋರು, ಇನ್ನೂ ಜೋರು ಎಂದರು. ಕುನಾಲನ ಕೈ ವಾಲ್ಯೂಮ್ ಹತ್ತಿರ ಹೋಯಿತು. ಭಾರ ಹೆಚ್ಚಾಗಿ ಆಂಪ್ಲಿಯ ಕೆಂಪು ದೀಪ ಹತ್ತಿದರೆ ನಾನೇ ಬಂದ್ ಮಾಡುತ್ತೇನೆ ಎಂದೆ. ಕೈ ತೆಗೆದ. ಆಂಪ್ಲಿಯ ಮೈ ಮುಟ್ಟಿದೆ. ಬಿಸಿ ಇತ್ತು, ಆದರೆ ಅಂಗೈ ಇಟ್ಟುಕೊಳ್ಳುವಷ್ಟೇ. ಹೋದ ವರ್ಷ ನಿಂತ ಜಾಗ ದಾಟಿದಾಗ ಯಾರೋ ಸೀಟಿ ಹೊಡೆದರು, ಕುನಾಲ ಮುಖ ಆ ಕಡೆ ತಿರುಗಿಸಿಕೊಂಡು ಕಣ್ಣು ಒರೆಸಿಕೊಂಡ. ರಾತ್ರಿ ಹತ್ತಕ್ಕೆ ಹತ್ತು ನಿಮಿಷ ಇರುವಾಗ ನಿಯಮದಂತೆ ನಾವೇ ನಿಲ್ಲಿಸಿದೆವು. ಫ್ಯೂಸ್ ಒಂದೂ ಹೋಗಲಿಲ್ಲ. ಅಬ್ಬಾ ತಂದ ಹತ್ತರಲ್ಲಿ ಒಂಬತ್ತು ಇನ್ನೂ ಪೊಟ್ಟಣದಲ್ಲೇ ಇವೆ.

ಬಾಕ್ಸ್ ಬಿಚ್ಚಿ ಕೊಡುವಾಗ ಚಂದಮ್ಮನದನ್ನು ಇಳಿಸಿಕೊಂಡವಳು ಬಂಡೆಮ್ಮ. ಮಾತಾಡಿದರೋ ಇಲ್ಲವೋ, ನನಗೆ ಕೇಳಲಿಲ್ಲ.

ಏಪ್ರಿಲ್ 17, ಗುರುವಾರ, ಸಂಜೆ

ಅಬ್ಬಾ ಇವತ್ತಿನಿಂದ ಅಂಗಡಿಗೆ ಬಂದರು, ಕಪ್ಪು ಕನ್ನಡಕ ಇಲ್ಲದೆ. ನನ್ನ ಬೋರ್ಡಿನ ವಿಷಯ ಅವರಿಗೆ ಆಗಲೇ ಮೂರು ಜನ ಹೇಳಿದ್ದಾರಂತೆ.

ಆಗ ಕುನಾಲನ ಫೋನ್ ಬಂತು. ಮುಂದಿನ ವರ್ಷವೂ ಅವನದೇ ಡಿಜೆ ಎಂದು ಹಿರಿಯರು ಹೇಳಿದ್ದಾರೆ. ಈಗಲೇ ಒಬ್ಬರು ಹದಿಮೂರನೆಯ ಬಾಕ್ಸ್‌ಗೆ ಹೆಸರು ಬರೆಸಿದ್ದಾರಂತೆ. ನಾನು ನಗುತ್ತ, ಹಾಗಾದರೆ ಮೂರು ಕಡಿಮೆ ಎಂದೆ.

ಅಬ್ಬಾ ಎದ್ದು ಒಳಗೆ ಹೋದರು. ತಮ್ಮ ಕೈಯಾರೆ ಮಾಡಿದ ತೇಗದ ಬಾಕ್ಸ್ ಎತ್ತಿಕೊಂಡು ಬಂದರು, ಧೂಳು ಒರೆಸಿದರು, ಮೀಟರ್ ಹಿಡಿದು ನೋಡಿದರು, ಆರೂವರೆ ಓಮ್. ಎಂಟು ಓಮಿನ ಬಾಕ್ಸ್ ಮೀಟರಿನಲ್ಲಿ ಅಷ್ಟೇ ತೋರಿಸುತ್ತದೆ. ಸರಿಹೊಂದುತ್ತದೆ. ಆಮೇಲೆ ಕುನಾಲನಿಗೂ ಕೇಳಲಿ ಎಂದು ಫೋನಿನ ಹತ್ತಿರ ಬಾಯಿ ತಂದು ಕನ್ನಡದಲ್ಲೇ ಹೇಳಿದರು:

"ಎರಡಽ ಕಮ್ಮಿ ಅಂತ ಬರ್ಕೊ ಬೇಟಾ. ಮತ್ತ ಮಿಸ್ತ್ರಿ ಜೋಡಿ ಒಬ್ಬ ಹೆಲ್ಪರ್ ಬರ್ತಾನ, ಅವಂದೂ ಹೆಸರು ಬರ್ಕೊ."

ಯಾರು ಎಂದು ಕುನಾಲ ಕೇಳುತ್ತಲೇ ಇದ್ದ. ಅಬ್ಬಾ ಅಂಗಿಯ ತೋಳು ಮಡಚಿದರು. ಮೂವತ್ತೈದು ವರ್ಷ ತಾವು ಕೂತ ಕುರ್ಚಿಯನ್ನು ನನ್ನ ಕಡೆ ಸರಿಸಿ, ತಾವು ಪಕ್ಕದ ಸ್ಟೂಲ್ ಎಳೆದುಕೊಂಡು ಕೂತರು.