ಅವ್ವ ಬೇಡವೆಂದ ಬಿಲ್ಲುಗಾರ

೧೪ ಸೆಪ್ಟೆಂಬರ್, ಭಾನುವಾರ. ಗುತ್ತಲು.

ಮೂರು ವಾರದಿಂದ ಅವ್ವನ ಬಿಲ್ಲುಗಾರ ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ಮಂಡಿ ಆಪರೇಷನ್ ಆದಮೇಲೆ ಹೊತ್ತು ಹೋಗಲೆಂದು ಲ್ಯಾಪ್‌ಟಾಪಿನಲ್ಲಿ ಮಾಯಾಲೋಕದ ಆಟವೊಂದನ್ನು ಹಾಕಿಕೊಟ್ಟಿದ್ದೆ. ಅದರಲ್ಲಿ ಜೊತೆಗೆ ನಡೆಯುವ ಬಿಲ್ಲುಗಾರನ ಮೇಲೆ ಅವ್ವನಿಗೆ ಮನಸ್ಸಾಗಿತ್ತು. ಎಷ್ಟು ಉಡುಗೊರೆ ಕೊಟ್ಟರೂ ಅವರ ಪ್ರೇಮ ಮುಂದಕ್ಕೆ ಹೋಗಲಿಲ್ಲ. ಆಟವೇ ಕೆಟ್ಟಿದೆಯೇನೋ ಎಂದು ಇವತ್ತು ಮಧ್ಯಾಹ್ನವೆಲ್ಲ ಹುಡುಕಿದೆ. ಕೆಟ್ಟಿರಲಿಲ್ಲ. ಆಟದಲ್ಲಿ ಸುಟ್ಟುಹೋದ ಊರೊಂದರ ಮಕ್ಕಳನ್ನು ಅವ್ವ ಜೊತೆಗೆ ಕರೆತಂದದ್ದು ಅವನಿಗೆ ಹಿಡಿಸಿರಲಿಲ್ಲ. ಮೊದಲು ಉಳಿಸಿಟ್ಟಿದ್ದ ಹಂತಕ್ಕೆ ಹೋಗಿ ಮಕ್ಕಳನ್ನು ಅಲ್ಲೇ ಬಿಟ್ಟರೆ ಸರಿಹೋಗುತ್ತದೆ ಎಂದೆ.

“ಮಕ್ಳ ಬುಟ್ಟು ಬಂದ್ರೆ ಒಪ್ಕತನಾ?” ಎಂದಳು ಅವ್ವ.

“ಊಂ ಕಣವ್ವ. ಆಟ ತಾನೆ.”

“ಅಂಗಾದ್ರೆ ಅವ್ನೇ ಬ್ಯಾಡ ಬುಡು.”

ಮೂರು ವಾರ ಕಾದವಳು ಒಂದು ನಿಮಿಷವೂ ಯೋಚಿಸಲಿಲ್ಲ. ಅವನನ್ನು ಗುಂಪಿನಿಂದ ಕಳಿಸಿ, ಮಕ್ಕಳನ್ನು ಹೊಳೆ ದಾಟಿಸತೊಡಗಿದಳು.

ಅಪ್ಪ ತೀರಿಕೊಂಡಾಗ ಅವ್ವನಿಗೆ ಇಪ್ಪತ್ತೊಂಬತ್ತು, ನನಗೆ ನಾಲ್ಕು. ಬ್ಲಫ್‌ನ ವಿದ್ಯುತ್ ಕೇಂದ್ರದಲ್ಲಿ ಕೆಲಸದಲ್ಲಿದ್ದವರೊಬ್ಬರು ಅವಳನ್ನು ಮದುವೆಯಾಗುತ್ತೇನೆಂದು ಬಂದಿದ್ದರಂತೆ. ಅವ್ವನಿಗೂ ಇಷ್ಟವಿತ್ತಂತೆ. ಮಗಳನ್ನು ಅಜ್ಜಿಯ ಹತ್ತಿರ ಬಿಡಬೇಕು ಎಂದು ಅವರು ಹೇಳಿದಾಗ ಅದು ಅಲ್ಲಿಗೇ ನಿಂತಿತು. ಇದನ್ನು ನನಗೆ ಹೇಳಿದ್ದು ಚಿಕ್ಕಮ್ಮ. ಅವ್ವ ಒಮ್ಮೆಯೂ ಬಾಯಿ ಬಿಟ್ಟಿಲ್ಲ.

ಪಕ್ಕದಲ್ಲಿ ಕೂತು, “ಬೇಜಾರಾಯ್ತಾ ಅವ್ವ?” ಎಂದೆ. ಯಾವುದನ್ನು ಕೇಳುತ್ತಿದ್ದೇನೆಂದು ಅವಳಿಗೆ ತಿಳಿದಿರಬೇಕು. ಪರದೆಯಿಂದ ಕಣ್ಣು ತೆಗೆಯದೆ ಹೇಳಿದಳು:

“ಆಗಿತ್ತು ಕಣಮ್ಮಿ. ಒಸಿ ದಿನ.”