ಹುಣಸೆಬೀಜದ ಜೀರಂಗಿ

ಕರೆಹಾಳ, ಜೂನ್ ಮೂವತ್ತೆರಡು, ೨೩೧೪

ಜೀರಂಗಿಯ ಚಿತ್ರ ತೆಗೆದ ಪುಣ್ಯಾತ್ಮರಿಗೆ ಅಂದಾನೆಪ್ಪನ ನಮಸ್ಕಾರ.

ತಾರೀಕು ನೋಡಿ ನಗಬೇಡಿ, ನಮ್ಮ ಜೂನ್ ಅಷ್ಟುದ್ದ ಬೆಳೆದಿದೆ. ನನ್ನ ಮಾತು ನಿಮ್ಮ ಕಿವಿಗೆ ವಿಚಿತ್ರ ಅನ್ನಿಸಿದರೆ ಕ್ಷಮಿಸಿ. ಊರ ಸಾಲೆಯಲ್ಲಿ ಏಳನೇ ಇಯತ್ತೆವರೆಗೆ ಕಲಿತೆ. ಅಷ್ಟರಲ್ಲಿ ನನಗೆ ಕಲಿಸಲು ಮಾಸ್ತರರ ಹತ್ತಿರ ಏನೂ ಉಳಿದಿರಲಿಲ್ಲ.

ಇನ್ನೂರು ಮುನ್ನೂರು ವರ್ಷ ದಾಟಿ ನಮ್ಮ ಕೈಗೆ ಬಂದ ಈ ಚಿತ್ರದ ಕೆಳಗೆ ನಿಮ್ಮ ಹೆಸರಿಲ್ಲ. ಆದರೂ ನೀವು ಜಾಲಿಗಿಡದ ಬುಡದಲ್ಲಿ ಹೊಟ್ಟೆ ಮೇಲೆ ಮಲಗಿ, ಮುಳ್ಳು ಚುಚ್ಚಿಸಿಕೊಂಡು, ಉಸಿರು ಬಿಗಿಹಿಡಿದು ಅದನ್ನು ತೆಗೆದಿರಬೇಕೆಂದು ನನ್ನ ಅಂದಾಜು. ಆ ಹುಳದ ಹಸಿರು ಒಂದೇ ಹಸಿರಲ್ಲ. ಬೆನ್ನಿಗೆ ಎಳೆ ಗೋಧಿಯದು, ಅಂಚಿಗೆ ಬಂದರೆ ತಾಮ್ರ, ಕತ್ತಿನ ಹತ್ತಿರ ನವಿಲಿನ ನೀಲಿ. ಹುಳವನ್ನು ಇಷ್ಟು ಮರ್ಯಾದೆಯಿಂದ ನೋಡಿದ ಕಣ್ಣು ನಿಮ್ಮದು.

ನಮ್ಮಲ್ಲಿ ಹುಳಗಳು ತಾವಾಗಿ ಬರುವುದಿಲ್ಲ. ಅದಕ್ಕೇ ಹುಳಗಾವಲು ಎಂಬ ಕೆಲಸವಿದೆ: ಮರಿಹುಳ ಹೊತ್ತ ಕೊರಡುಗಳನ್ನು, ಹುಳಗಳ ತಳಿ ಕಾಪಿಡುವ ದೂರದ ಉಗ್ರಾಣದಿಂದ ತಂದು, ಜಾಲಿತೋಪಿನಲ್ಲಿಟ್ಟು, ಬಲಿತ ಹುಳಗಳು ಅಲ್ಲೇ ನೆಲೆಸುವಂತೆ ನೋಡಿಕೊಳ್ಳುವುದು. ನಮ್ಮೂರಿನ ಹುಳಗಾವಲು ನನ್ನ ಅಕ್ಕನ ಮಗಳು ಹೇಮವ್ವ. ಜೀರಂಗಿ ನಿಲ್ಲುವುದು ಇನ್ನೊಂದು ಜೀರಂಗಿ ಕೂತ ಗಿಡದಲ್ಲಿ. ಆ ಮೊದಲನೆಯದನ್ನು ನಾವು ಕೈಯಿಂದ ಮಾಡಬೇಕು. ಅದೇ ತೋರುಹುಳ. ನಿಮ್ಮ ಚಿತ್ರ ನೋಡಿಕೊಂಡು ಹುಣಸೆಬೀಜ ತೇದು, ಹಸಿರು ಅರಗು ಹಚ್ಚಿ, ಕುದುರೆಕೂದಲಿನ ಕಾಲು ಅಂಟಿಸುತ್ತೇವೆ. ಈ ಕೆಲಸದಲ್ಲಿ ಸುತ್ತಮುತ್ತ ನನ್ನ ಸಮ ಯಾರೂ ಇಲ್ಲ. ನಾನು ಮಾಡಿದ ಜೇಡ ಕಂಡು ನಮ್ಮ ಬೀಗರು ಅರ್ಧ ಊಟಕ್ಕೇ ಎದ್ದೋಡಿದ್ದರು. ಅದನ್ನು ಎಲೆ ಪಕ್ಕದಲ್ಲಿ ಇಟ್ಟವನೂ ನಾನೇ.

ಹೋದ ವರ್ಷ ಕೊರಡುಗಳಿಂದ ಹೊರಬಂದ ಜೀರಂಗಿಗಳು ನನ್ನ ತೋರುಹುಳಗಳ ಮೇಲೆ ಒಂದು ಸುತ್ತು ಹಾಕಿ, ಹಾರಿಯೇಹೋದವು.

"ಮಾವಾ, ನೀ ಹುಳ ಮಾಡೀಯೋ, ಬಳಿ ಅಂಗಡಿ ಇಟ್ಟೀಯೋ?" ಅಂದಳು ಹೇಮವ್ವ.

"ಹುಳಕ್ಕ ಕಲಾ ತಿಳಿಯಂಗಿಲ್ಲ, ಬಿಡವ್ವಾ."

ಅವಳು ನಗಲಿಲ್ಲ. ಇನ್ನೊಂದೇ ಕೊರಡು ಉಳಿದಿತ್ತು. ಅದರ ಹುಳಗಳೂ ಹಾರಿದರೆ ತೋಪು ಮುಚ್ಚಿಬಿಡಿ ಎಂದು ಉಗ್ರಾಣದವರು ಹೇಳಿ ಕಳಿಸಿದ್ದರು. ಆ ಗಿಡಗಳಿಗೆ ಅವಳು ಕೊಡ ಹೊತ್ತು ನೀರುಣಿಸಿದ್ದಳು.

ನಿಮ್ಮ ಚಿತ್ರವನ್ನು ಮಣೆಗನ್ನಡಿಗೆ ಹಾಕಿದೆವು. ಅದು ಸಾಸಿವೆಯನ್ನು ಗೋಡೆಯಷ್ಟು ಮಾಡಿ ತೋರಿಸುವ ಯಂತ್ರ. ಹುಳದ ಬೆನ್ನ ತುಂಬ ಸಣ್ಣ ಸಣ್ಣ ಕುಳಿಗಳಿದ್ದವು. ಅವನ್ನು ಮೊದಲೇ ಕಂಡಿದ್ದೆ. ಹಳೇ ಚಿತ್ರ, ಸಿಡುಬೆದ್ದಿದೆ ಎಂದುಕೊಂಡು ನನ್ನ ಹುಳಗಳನ್ನು ಕನ್ನಡಿಯಂತೆ ತಿಕ್ಕಿದ್ದೆ.

"ಚಿತ್ರಕ್ಕ ವಯಸ್ಸಾಗಿದ್ರ ಎಲೀ ಮ್ಯಾಲೂ ಕುಳಿ ಬೀಳಬೇಕಿತ್ತಲ್ಲ ಮಾವಾ? ಬೆನ್ನ ಮ್ಯಾಲಷ್ಟ ಯಾಕ?" ಅಂದಳು.

ಮೂಗು ತಾಗುವಷ್ಟು ಹತ್ತಿರ ಬಗ್ಗಿ ನೋಡಿದೆ. ಒಂದೊಂದು ಕುಳಿಯಲ್ಲೂ ಒಂದು ಹನಿ ಬೆಳಕು ಕೂತಿತ್ತು. ಹುಳದ ಹೊಳಪೆಲ್ಲ ಅಲ್ಲೇ.

ಅರಗು ಬಿಸಿಯಿರುವಾಗಲೇ ಜಾಲಿಮುಳ್ಳಿನಿಂದ ಸಾಲಾಗಿ ಚುಚ್ಚುತ್ತ ಕೂತೆ. ಈ ಜೂನಿನಲ್ಲಿ ಕೊನೆಯ ಕೊರಡು ಬಾಯಿಬಿಟ್ಟಿತು. ಮೊದಲು ಹೊರಬಂದ ಜೀರಂಗಿ ರೆಂಬೆ ಹತ್ತಿ, ನನ್ನ ಹುಣಸೆಬೀಜದ ಬೆನ್ನೇರಿ ಕೂತಿತು. ಇಳಿಯಲೇ ಇಲ್ಲ. "ಮಾವಾ, ಅಲುಗಾಡಬ್ಯಾಡ," ಎಂದು ಹೇಮವ್ವ ನನ್ನ ತೋಳು ಹಿಡಿದಳು. ಈಗ ತೊಗಟೆಯ ಸಂದಿಯಲ್ಲಿ ಮೊಟ್ಟೆಗಳಿವೆ. ತೋಪು ಉಳಿಯಿತು.

ಹುಳಕ್ಕೇ ಪಾಠ ಹೇಳಿದವನು ಅಂತ ಊರು ನನ್ನನ್ನು ಹೊಗಳುತ್ತದೆ. ನಾನು ತಿದ್ದಲು ಹೋಗಿಲ್ಲ. ನಿಮಗೆ ಮಾತ್ರ ಹೇಳುತ್ತೇನೆ: ಆ ಕುಳಿಗಳನ್ನು ಅಳಿಸದೆ ಇದ್ದಹಾಗೇ ಬಿಟ್ಟಿರಲ್ಲ, ನಿಮ್ಮ ಹೊಟ್ಟೆ ತಣ್ಣಗಿರಲಿ.

ಒಂದು ಬೇಡಿಕೆ. ಚಿತ್ರದ ಎಡ ಅಂಚಿನಲ್ಲಿ ಇನ್ಯಾವುದೋ ಹುಳದ ಎರಡು ಕಾಲುಗಳಿವೆ. ಕೆಂಪು ಕಾಲು, ತುದಿಗೆ ಬಿಳಿ. ಮೈಯೆಲ್ಲ ಚಿತ್ರದ ಆಚೆ. ಅಂಥ ಕಾಲಿನದು ನಮ್ಮ ಯಾವ ಉಗ್ರಾಣದಲ್ಲೂ ಇಲ್ಲ. ಅರಗು ಕಾಯಿಸಿಕೊಂಡು ಎಷ್ಟೋ ಸಲ ಕೂತಿದ್ದೇನೆ. ಇಂಥ ನನ್ನ ಕೈಯೂ ಓಡುವುದಿಲ್ಲ. ಹೇಗಾದರೂ ಕಾಲದಲ್ಲಿ ಹಿಂದಕ್ಕೆ ಹೋಗಿ, ನೀವು ಚಿತ್ರ ತೆಗೆಯುವ ಮೊದಲೇ ಈ ಕಾಗದ ನಿಮಗೆ ತಲುಪಿದರೆ, ಕ್ಯಾಮೆರಾವನ್ನು ಒಂಚೂರು ಎಡಕ್ಕೆ ಸರಿಸಿ. ಜೀರಂಗಿ ಅರ್ಧ ಕತ್ತರಿಸಿಹೋದರೂ ಚಿಂತೆಯಿಲ್ಲ. ಅದು ಈಗ ನಮ್ಮಲ್ಲಿದೆ.