ಹನ್ನೆರಡು ಹನಿ ಕಾಮಕಸ್ತೂರಿ

ಮಾರ್ಚ್ ೧೪, ಶನಿವಾರ
ಮಧ್ಯಾಹ್ನ ಮೂರು ಗಂಟೆ, ಎಣ್ಣೆ ಬೆರೆಸುವ ಕೋಣೆ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿನ ಗಣ್ಯರೇ, ಎದುರಿನ ಖಾಲಿ ಕುರ್ಚಿಗಳೇ, ಮುಖಕ್ಕೆ ಕ್ರೀಮು ಹಚ್ಚಿಕೊಂಡು ಬಂದಿರುವ ಮಹನೀಯರೇ, ಮಹಿಳೆಯರೇ! ಕಾಮಕಸ್ತೂರಿಯೆಂಬ ಪುಟ್ಟ ಗಿಡದ ದೊಡ್ಡ ಗುಣಗಳನ್ನು ಕುರಿತು ಎರಡು ಮಾತಾಡಲು ಅವಕಾಶ ಕೊಟ್ಟದ್ದಕ್ಕೆ ತಮಗೆಲ್ಲ...

ಅಕ್ಕಾ, ನಗಬೇಡ. ಹೆದರಿದಾಗ ನಾನು ಭಾಷಣಕ್ಕೆ ನಿಲ್ಲುತ್ತೇನೆಂದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಿನ್ನ ಕಾಗದ ಬಂದು ಇಪ್ಪತ್ತು ದಿನವಾಯಿತು. ನೀನು ಫೋನು ಮಾಡಿದಾಗಲೂ ‘ಕೈ ತುಂಬ ಕೆಲಸ’ ಎಂದು ಇಟ್ಟುಬಿಟ್ಟೆ. ಕ್ಷಮಿಸು. ನೀನು ಕೇಳಿದ್ದು ಒಂದೇ ಸಾಲು: “ನನ್ನ ಮಗಳು ಯಾರದೋ ಮುಖ ಸುಟ್ಟಳಂತೆ, ನಿಜವೇನೋ?” ಅವಳನ್ನು ಕೆಲಸದಲ್ಲಿ ಇಟ್ಟುಕೊಳ್ಳುವುದೋ ಬಿಡುವುದೋ ಎಂದು ಯಜಮಾನಿ ಸೋಮವಾರ ಹೇಳುತ್ತಾರೆ. ಅಷ್ಟರೊಳಗೆ ನಿನಗೆ ಬರೆದು ಮುಗಿಸಬೇಕು.

ನಾನು ಪದವಿಗೆ ಓದಿದ್ದು ಛಂದಸ್ಸು, ಬದುಕುತ್ತಿರುವುದು ಮೂಗಿನಿಂದ. ಸೋಪು, ಕ್ರೀಮು ಮಾಡುವ ಈ ಜಾಗದಲ್ಲಿ ಎಲ್ಲರೂ ನನ್ನನ್ನು ಕರೆಯುವುದೇ ಮೂಗಣ್ಣ ಎಂದು. ನಮ್ಮಲ್ಲಿ ಎರಡು ಜಾತಿಯ ಕಾಮಕಸ್ತೂರಿ ಬರುತ್ತದೆ. ಒಂದರ ಎಣ್ಣೆ ಹೂವಿನಂತೆ ಮೆದು, ಅದು ಮುಖದ ಕ್ರೀಮಿಗೆ. ಇನ್ನೊಂದು ಲವಂಗದಂತೆ ಘಾಟು, ಹಚ್ಚಿದ ಕೂಡಲೇ ತೊಳೆದುಹೋಗುವ ಸೋಪಿಗೆ ಮಾತ್ರ. ಎರಡೂ ಒಂದೇ ಬಗೆಯ ಕಂದು ಸೀಸೆಯಲ್ಲಿರುತ್ತವೆ. ಎಣ್ಣೆ ಒಸರಿ ಚೀಟಿಯ ಅಕ್ಷರ ತಿಂದುಹಾಕುತ್ತದೆ. ಹಾಗಾಗಿ ಇಲ್ಲಿಯ ಕಾನೂನು ಮೊದಲು ಮೂಗು, ಆಮೇಲೆ ಚೀಟಿ. ನಾನು ಮೂಸಿ, ಪುಸ್ತಕದಲ್ಲಿ ‘ಮೂಗು ಒಪ್ಪಿದೆ’ ಎಂದು ಬರೆದು ಸಹಿ ಹಾಕಿದ ಮೇಲೆಯೇ ಸೀಸೆ ಈ ಮೇಜಿಗೆ ಬರಬೇಕು.

ಜನವರಿಯಲ್ಲಿ ನನಗೆ ಜ್ವರ ಬಂದಿತ್ತಲ್ಲ, ಅದು ಹೋಗುವಾಗ ಮೂಗನ್ನೂ ಕರೆದುಕೊಂಡು ಹೋಯಿತು. ಕಾಫಿ ಬರೀ ಬಿಸಿನೀರು. ಸೋಪು ಕಲ್ಲು. ಒಂದು ಬೆಳಿಗ್ಗೆ ಮನೆಯಲ್ಲಿ ಗ್ಯಾಸು ತೆರೆದಿಟ್ಟು ಕಡ್ಡಿಪೆಟ್ಟಿಗೆ ಹುಡುಕುತ್ತಿದ್ದೆ. ನಿನ್ನ ಮಗಳು ಓಡಿಬಂದು ಗ್ಯಾಸು ನಿಲ್ಲಿಸಿ, “ಮಾಮ, ಇಷ್ಟು ವಾಸ್ನೆ ಬರ್ತಿದ್ಯಲ್ಲ, ಗೊತ್ತಾಗ್ಲಿಲ್ವಾ?” ಎಂದಳು. “ಪ್ರಾಸ ಹುಡುಕ್ತಿದ್ದೆ ಕಣೇ” ಎಂದೆ. ನಕ್ಕಳು. ಮೂಗು ಹೋದದ್ದನ್ನು ನಾನು ಯಾರಿಗೂ ಹೇಳಲಿಲ್ಲ. ನಲವತ್ತೈದರಲ್ಲಿ ಮೂಗಿಲ್ಲದ ಮೂಗಣ್ಣನನ್ನು ಯಾರು ಇಟ್ಟುಕೊಳ್ಳುತ್ತಾರೆ? ಇಂದಲ್ಲ ನಾಳೆ ವಾಸನೆ ಬಂದೀತೆಂದು ಕಾಯುತ್ತ, ಸೀಸೆ ಮೂಗಿನ ಬಳಿ ಹಿಡಿದು, ಕಣ್ಣು ಮುಚ್ಚಿ, ‘ಆಹಾ’ ಎಂದು ಸಹಿ ಹಾಕುತ್ತಿದ್ದೆ.

ಫೆಬ್ರವರಿಯಲ್ಲಿ ಚಿತ್ರಕಲೆ ಕಲಿಸುವ ಮೇಡಂ ಒಬ್ಬರು ತಮಗಾಗಿಯೇ ಒಂದು ಡಬ್ಬಿ ಕ್ರೀಮು ಮಾಡಿಸಿಕೊಂಡರು. ನಿನ್ನ ಮಗಳು ಇಲ್ಲಿ ಕೆಲಸಕ್ಕೆ ಸೇರಿ ಎರಡು ವಾರವಾಗಿತ್ತಷ್ಟೆ. ನಾನು ಸೀಸೆ ಕೊಟ್ಟೆ, ಅವಳು ನಾಲಿಗೆ ಕಚ್ಚಿಕೊಂಡು ಹನ್ನೆರಡು ಹನಿ ಎಣಿಸಿ ಹಾಕಿದಳು. ಮರುದಿನ ಮೇಡಂ ಕಣ್ಣು ತೆರೆಯಲಾಗಲಿಲ್ಲ. ರೆಪ್ಪೆ ಬಾತು, ಕೆನ್ನೆಯ ತುಂಬ ಗುಳ್ಳೆ. ಡಬ್ಬಿಯನ್ನು ಸಿಟ್ಟಿನಲ್ಲಿ ಚರಂಡಿಗೆ ಎಸೆದಿದ್ದರಂತೆ. ಅವರ ಗಂಡ ಬರೀ ರಟ್ಟಿನ ಪೆಟ್ಟಿಗೆ ತಂದು ಮೇಜಿನ ಮೇಲಿಟ್ಟು, ಅದರ ಮೇಲಿದ್ದ ನನ್ನ ಪದ್ಯವನ್ನು ನಿಧಾನವಾಗಿ ಓದಿದರು.

“ಎಲೆಯೊಳಗಿನ ಎಣ್ಣೆ, ಕೆನ್ನೆಗದೇ ಬೆಣ್ಣೆ. ಇದನ್ನ ಬರೆದವ್ರು ಯಾರ್ರೀ?”

ನಾನು ಕೈ ಎತ್ತಿದೆ, ಶಾಲೆಯಲ್ಲಿ ಎತ್ತಿದ ಹಾಗೆ.

“ಒಂದ್ಸಲ ಮನೆಗೆ ಬಂದು ಆ ಕೆನ್ನೆ ನೋಡಿ ಸಾರ್. ಆಮೇಲೆ ಇನ್ನೊಂದು ಪದ್ಯ ಬರೀರಿ.”

ಅವರು ಹೋದ ಮೇಲೆ ಯಜಮಾನಿ ಎಣಿಕೆಯ ಮೇಲೆ ಅನುಮಾನಪಟ್ಟರು. ಹನಿ ಹೆಚ್ಚು ಬಿದ್ದಿರಬೇಕು, ಹೊಸ ಕೈ ಎಂದರು. ಅಂದು ಸಂಜೆ ನಾನು ಅದೇ ಸೀಸೆಯನ್ನು ಎಲೆ ಬೇಯಿಸುವ ಭಟ್ಟಿಯವನ ಮುಂದೆ ಹಿಡಿದೆ.

“ಇದು ಸೋಪಿಂದಲ್ವಾ ಮೂಗಣ್ಣ? ಘಾಟು ತಲೆಗೆ ಹೊಡೀತಿದೆ! ನನ್ನನ್ನೇನು ಕೇಳ್ತೀರಿ?”

“ನಿನಗೆ ಪರೀಕ್ಷೆ ಕಣಯ್ಯ. ಪಾಸಾದೆ” ಎಂದು ಬೆನ್ನು ತಟ್ಟಿದೆ. ಬೆವರು ಇಳಿಯುತ್ತಿದ್ದುದು ನನ್ನ ಬೆನ್ನಿನಲ್ಲಿ.

ಆದ್ದರಿಂದ ಅಕ್ಕಾ, ನಿನ್ನ ಮಗಳು ಯಾರ ಮುಖವನ್ನೂ ಸುಡಲಿಲ್ಲ. ಹನ್ನೆರಡು ಹನಿ ಹನ್ನೆರಡೇ ಆಗಿತ್ತು. ಸೀಸೆ ತಪ್ಪು, ಕೊಟ್ಟವನು ನಾನು. ಮೇಡಂ ಕಣ್ಣಿಗೆ ಅಪಾಯವಿಲ್ಲ ಎಂದಿದ್ದಾರೆ ಡಾಕ್ಟರು. ಕೆನ್ನೆಯ ಕಲೆ ಹೋಗಲು ತಿಂಗಳುಗಳೇ ಬೇಕಂತೆ.

ನನ್ನ ಭಯ ಈಗ ಅದಲ್ಲ. ನಿನ್ನ ಮಗಳು ಊಟಕ್ಕೆ ಕೂತರೆ ಲೋಟದಿಂದ ಚಮಚಕ್ಕೆ ನೀರು ತೊಟ್ಟಿಕ್ಕಿಸಿ ಎಣಿಸುತ್ತಾಳೆ. “ಮಾಮ, ಹನ್ನೆರಡೇ ತಾನೆ? ನೀನೂ ನೋಡ್ದೆ ಅಲ್ವಾ?” ಹೌದು ಎಂದರೆ ಚೆಲ್ಲಿ ಮತ್ತೆ ಶುರುಮಾಡುತ್ತಾಳೆ. ನಿನ್ನೆ ಮೆಟ್ಟಿಲು ಇಳಿಯುವಾಗ ಎಣಿಸುತ್ತ ಬಂದು, ಲೆಕ್ಕ ತಪ್ಪಿತೆಂದು ಕೆಳಗಿನಿಂದ ಮತ್ತೆ ಮೇಲೆ ಹೋದಳು. ಅವಳ ಕೈಯನ್ನು ಅವಳೇ ನಂಬುತ್ತಿಲ್ಲ. ಕತ್ತರಿ ಹಿಡಿಯಲೂ ಅಂಜುತ್ತಾಳೆ. ನಾನು ಎದುರಿಗೆ ಕೂತು ಅನ್ನ ಕಲಸುತ್ತೇನೆ, ಸೀಸೆಯ ವಿಷಯ ಅವಳಿಗಿನ್ನೂ ಹೇಳಿಲ್ಲ.

ಸೋಮವಾರ ಯಜಮಾನಿಯ ಮುಂದೆ ಪುಸ್ತಕ ಬಿಚ್ಚಿ, ಜನವರಿಯಿಂದ ಹಾಕಿದ ಸಹಿಗಳೆಲ್ಲ ಸುಳ್ಳೆಂದು ಹೇಳುತ್ತೇನೆ. ಆ ಸೀಸೆಗಳಿಂದ ಇನ್ನೆಷ್ಟು ಡಬ್ಬಿ ಹೊರಗೆ ಹೋಗಿವೆಯೋ ಗೊತ್ತಿಲ್ಲ. ಒಂದೊಂದನ್ನೂ ವಾಪಸು ತರಿಸಬೇಕು. ಅದಕ್ಕೆ ಮೊದಲು ನಿನಗೆ ಹೇಳಿದರೆ ಓಡಿಹೋಗಲು ದಾರಿ ಇರುವುದಿಲ್ಲವೆಂದೇ ಈ ಕಾಗದ.

ಭಾವನಿಗೆ ನಮಸ್ಕಾರ ಹೇಳು. ನಿನ್ನ ಮಗಳಿಗೆ ಒಳ್ಳೆಯದಾಗಲಿ, ಅವಳ ಕೈ ಮತ್ತೆ ಹಗುರಾಗಲಿ. ನನ್ನನ್ನು ಬೈದಾದರೂ ಒಂದು ಸಾಲು ಬರೆ.

ನಿನ್ನ ತಮ್ಮ

ತಾ.ಕ.: ಅಕ್ಕಾ, ಯಜಮಾನಿ ಎಣಿಕೆಯ ಮೇಲೆ ಅನುಮಾನಪಟ್ಟರೆಂದು ಬರೆದೆನಲ್ಲ, ಅದು ಸುಳ್ಳು. ಅವರು ಕೇಳಿದ್ದು “ಏನಾಗಿರಬಹುದು?” ಎಂದಷ್ಟೆ. “ಹೊಸ ಕೈ, ಎಣಿಕೆ ತಪ್ಪಿರ್ಬೇಕು” ಎಂದವನು ನಾನು. ನಿನ್ನ ಮಗಳು ನನ್ನ ಪಕ್ಕದಲ್ಲೇ ನಿಂತಿದ್ದಳು. ನನ್ನ ಮುಖ ನೋಡಿದಳು. ಆಮೇಲೆ ಯಜಮಾನಿಯ ಕಡೆ ತಿರುಗಿ, “ಮಾಮ ಹೇಳಿದ್ರೆ ಹಾಗೇ ಇರತ್ತೆ” ಎಂದಳು.